ಕುದುರೆ ಸವಾರನ ಕಾಲುಪಟ್ಟಿ

ನಾನು ಹಲ್ಲು ಕೆತ್ತುವವಳು. ಠಾಣೆಯ ನೌಪಾಡಾದಲ್ಲಿ ಒಂದು ಡೆಂಟಲ್ ಲ್ಯಾಬ್ ಉಂಟು. ಡಾಕ್ಟರುಗಳು ಕಳಿಸುವ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಮಾಡುವುದು ನನ್ನ ಹೊಟ್ಟೆಪಾಡು. ಸಂಜೆ ಡೊಂಬಿವಲಿಗೆ ಬಂದು, ಕುಕ್ಕರ್ ಇಟ್ಟು, ಅಂಥದ್ದೇ ಸಣ್ಣ ಚಾಕು, ಸೂಜಿ ಹಿಡಿದು ಸೈನಿಕರನ್ನು ಮಾಡುತ್ತೇನೆ. ನಗಬೇಡಿ ಮಾರಾಯ್ರೇ. ಐವತ್ತು ದಾಟಿದ ಹೆಂಗಸು ಅರ್ಧ ಗೇಣಿನ ಸಿಪಾಯಿಗೆ ಗುಂಡಿ ಕೂರಿಸುತ್ತಾ ಕೂತಿದ್ದಾಳೆ ಅಂತ ನಮ್ಮ ಬಿಲ್ಡಿಂಗಿನವರು ಬೇಕಾದಷ್ಟು ನಕ್ಕಾಗಿದೆ.

ಮಕ್ಕಳ ಆಟಿಕೆ ಅಲ್ಲ ಅದು. ನಿಜವಾದ ಮನುಷ್ಯನ ಹದಿನಾರರಲ್ಲಿ ಒಂದು ಪಾಲು ಎತ್ತರ. ಯಾವ ಪಡೆ, ಯಾವ ಯುದ್ಧ, ಯಾವ ಊರಿನ ಧೂಳು ಅಂತ ಮೊದಲೇ ನಿರ್ಧಾರ ಆಗಿರಬೇಕು. ಚೆಂದ ಇರುವುದು ಆಮೇಲಿನ ಮಾತು, ಮೊದಲು ಅದು ಸತ್ಯ ಇರಬೇಕು. ಆ ಕಾಲದಲ್ಲಿ ಇಲ್ಲದ ಒಂದು ಬಕ್ಕಲ್ಲು ಬೆಲ್ಟಿನಲ್ಲಿ ಬಂತೋ, ಅಂಥ ಮನುಷ್ಯ ಭೂಮಿಯ ಮೇಲೆ ಇರಲೇ ಇಲ್ಲ ಅಂತ ಅರ್ಥ. ನಾನು ಮಾಡಿದ್ದು ಬರೀ ಗೊಂಬೆ.

ಕೈಯ ವಿಷಯದಲ್ಲಿ ನನಗೆ ಹೆದರಿಕೆ ಇಲ್ಲ. ದವಡೆ ಹಲ್ಲಿನ ಗುಣಿ ಕೆತ್ತಿದ ಕೈಗೆ ಕಾಲರಿನ ಹೊಲಿಗೆ ಏನು ಕಷ್ಟ? ಆದರೆ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕ ಓದಿ, ಹಳೇ ಫೋಟೋ ಹುಡುಕಿ, ಯಾವುದು ಸರಿ ಯಾವುದು ತಪ್ಪು ಅಂತ ತೀರ್ಮಾನ ಮಾಡುವ ತಾಳ್ಮೆಯೂ ಇಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಆ ಕೆಲಸ ಅಕ್ಕನದ್ದು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಮೈಸೂರಿನ ಕಡೆಯವಳು, ನೆರೂಳಿನಲ್ಲಿ ಮನೆ, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಇಂಥ ಸೈನಿಕರದ್ದೇ ಒಂದು ಪ್ರದರ್ಶನದಲ್ಲಿ ಗಂಡಸರ ಗುಂಪಿನ ನಡುವೆ ನಾವಿಬ್ಬರೇ ಸೀರೆಯವರು, ಅದೂ ಇಬ್ಬರೂ ಕನ್ನಡದವರು. ಕೇಳಬೇಕಾ! ಅವಳ ಕೈಕೆಲಸ ಸುಮಾರು, ಅದನ್ನು ಅವಳೇ ಹೇಳುತ್ತಿದ್ದಳು. ಆದರೆ ಓದಿಕೊಂಡದ್ದು ಅಪಾರ. ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಶನಿವಾರ ನಮ್ಮ ಭೇಟಿ. ಅವಳು ನೆರೂಳಿನಿಂದ ಠಾಣೆ ಲೋಕಲ್ ಹಿಡಿದು ಬರುವಳು, ನಾನು ಲ್ಯಾಬಿನಿಂದ ನಡೆದು ಹೋಗುವೆ. ಇಬ್ಬರ ಚೀಲದಲ್ಲೂ ಸ್ಟೀಲ್ ಡಬ್ಬಿ, ಒಳಗೆ ಹತ್ತಿಯ ಮೇಲೆ ಮಲಗಿದ ಸಿಪಾಯಿ.

ನಮ್ಮದೊಂದು ಕಟ್ಟುಪಾಡು ಇತ್ತು. ಗೊಂಬೆಗೆ ಪ್ರೈಮರ್, ಅಂದರೆ ಮೊದಲ ಬೂದು ಬಣ್ಣ ಹೊಡೆಯುವ ಮುಂಚೆ, ಅದನ್ನು ಮಾಡಿದ ಹಸಿರು ಪುಟ್ಟಿ, ಅಂದರೆ ಒಣಗಿದರೆ ಕಲ್ಲಾಗುವ ಲಪ್ಪ, ಅದರಲ್ಲಿ ಇದ್ದ ಹಾಗೆಯೇ ಅದನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ಅವಳು ಕಂಡ ತಪ್ಪನ್ನೆಲ್ಲ ಹೇಳಬೇಕು, ಒಂದನ್ನೂ ನುಂಗಬಾರದು. ಆ ಹೊತ್ತಿನಲ್ಲಿ ಏನಿದ್ದರೂ ಕೆರೆದು ತೆಗೆಯಬಹುದು. ಬಣ್ಣ ಬಿದ್ದ ಮೇಲೆ ತುಟಿ ಪಿಟಕ್ ಅನ್ನಬಾರದು. ಅಕ್ಕ "ಸರಿ ಇದೆ, ಬಣ್ಣ ಹಾಕು" ಅಂದರೆ ಮುಗಿಯಿತು, ನನಗೆ ಅದು ದೇವರ ಪ್ರಸಾದ. ನನ್ನ ಸಿಪಾಯಿಗಳ ಸತ್ಯ ಎಲ್ಲ ಅವಳ ಬಾಯಲ್ಲಿತ್ತು.

ಕುದುರೆ ಸವಾರನನ್ನು ಮಾಡು ಅಂದವಳೂ ಅವಳೇ. ಮೊದಲ ಮಹಾಯುದ್ಧದಲ್ಲಿ ಮೈಸೂರು ಮಹಾರಾಜರ ಕುದುರೆ ಪಡೆ ಪ್ಯಾಲೆಸ್ಟೈನಿನ ತನಕ ಹೋಗಿತ್ತಂತೆ. "ನಮ್ಮೋರು ಕಣೇ. ಯಾರೂ ನೆಟ್ಟಗೆ ಮಾಡಿಲ್ಲ. ನಿನ್ ಕೈಲಿ ಮಾತ್ರ ಆಗತ್ತೆ," ಅಂದಳು. ನಾನು ಉಬ್ಬಿಹೋದೆ. ಭರ್ಜಿ ಹಿಡಿದು ನಿಂತ ಸವಾರ, ತಲೆಗೆ ರುಮಾಲು, ಮಂಡಿಯ ಕೆಳಗೆ ಸುತ್ತಿದ ಉಣ್ಣೆಯ ಕಾಲುಪಟ್ಟಿ. ಅವಳು ಕೊಟ್ಟ ಫೋಟೋಗಳಲ್ಲಿ ಕಾಲಿನ ಜಾಗ ಒಂದೋ ಕುದುರೆಯ ಮರೆ, ಇಲ್ಲವೇ ಧೂಳು. ಪಟ್ಟಿಯ ಮಡಿಕೆ ಹೇಗೆ ಕೂರುತ್ತದೆ ಅಂತ ನೋಡುವುದು ಹೇಗೆ?

ನನಗೆ ನಿಂತು ನಿಂತು ಕಾಲಿನ ನರ ಊದಿಕೊಂಡಿದೆ, ಕ್ರೇಪ್ ಬ್ಯಾಂಡೇಜ್ ಸುತ್ತುತ್ತೇನೆ. ಪಾದದಿಂದ ಶುರು ಮಾಡಿ ಮೇಲಕ್ಕೆ ಸುತ್ತಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಅದನ್ನೇ ಸುತ್ತಿಕೊಂಡು ಕನ್ನಡಿ ಮುಂದೆ ನಿಂತೆ, ಕೆತ್ತಿದೆ. ಕೆಳಗಿನ ಸುತ್ತಿನ ಮೇಲೆ ಮೇಲಿನ ಸುತ್ತು, ಮಂಡಿಯ ಕೆಳಗೆ ದಾರದ ಗಂಟು. ಅಷ್ಟು ಒಳ್ಳೆಯ ಕಾಲು ನಾನು ಯಾವತ್ತೂ ಮಾಡಿರಲಿಲ್ಲ.

ಆ ಶನಿವಾರ ಅಕ್ಕ ಇಡ್ಲಿ ಪ್ಲೇಟನ್ನು ಪಕ್ಕಕ್ಕೆ ಸರಿಸಿ ಸವಾರನನ್ನು ಕೈಗೆತ್ತಿಕೊಂಡಳು. ರುಮಾಲಿನ ಸೆರಗು ಉದ್ದ ಆಯಿತು ಅಂದಳು. ಜೇಬಿನ ಗುಂಡಿ ದೊಡ್ಡದು ಅಂದಳು. ಕಾಲಿನ ಹತ್ತಿರ ಬಂದವಳು ತುಂಬ ಹೊತ್ತು ನೋಡಿದಳು.

"ಎಂತ ಅಕ್ಕ, ಕಾಲಲ್ಲಿ ಏನಾದ್ರೂ ಉಂಟಾ?" ಅಂದೆ. ಬ್ಯಾಂಡೇಜಿನ ಕತೆಯನ್ನೂ ಹೇಳಿದೆ.

ಅವಳು ನಕ್ಕಳು. "ಏನಿಲ್ಲ ಕಣೇ. ಪಟ್ಟಿ ಎಷ್ಟು ಚೆನ್ನಾಗಿ ಕೂತಿದೆ ನೋಡು. ಇರು, ಕಾಲಿಂದೊಂದು ಫೋಟೋ ತಗೋತೀನಿ." ಮೊಬೈಲ್ ಹತ್ತಿರ ಹಿಡಿದು ನಾಲ್ಕೈದು ತೆಗೆದಳು. "ಮಿಕ್ಕಿದ್ದೆಲ್ಲ ಸರಿ ಇದೆ. ಬಣ್ಣ ಹಾಕು."

ಆ ದಿನ ಲೋಕಲಿನ ಲೇಡೀಸ್ ಡಬ್ಬದಲ್ಲಿ ಕಾಲಿಡಲು ಜಾಗ ಇಲ್ಲದಿದ್ದರೂ ಡೊಂಬಿವಲಿ ಬಂದದ್ದೇ ನನಗೆ ಗೊತ್ತಾಗಲಿಲ್ಲ. ರುಮಾಲು, ಗುಂಡಿ ಸರಿ ಮಾಡಿದೆ, ಬಣ್ಣ ಹಾಕಿದೆ.

ಆ ವರ್ಷದ ಪ್ರದರ್ಶನ ಠಾಣೆಯ ಒಂದು ಶಾಲೆಯ ಹಾಲಿನಲ್ಲಿ. ನನ್ನ ಸವಾರನನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದರು, ಸುತ್ತ ಜನವೋ ಜನ. ಮಧ್ಯಾಹ್ನ ಅಕ್ಕನ ಭಾಷಣ. ಯಾವ ವಿಷಯ ಅಂತ ಕೇಳಿದ್ದಕ್ಕೆ "ಬಾ, ನೋಡು" ಅಂದಿದ್ದಳಷ್ಟೆ. ನಾನು ಮುಂದಿನ ಸಾಲಿನಲ್ಲೇ ಕೂತೆ, ನಮ್ಮವಳು ಅಂತ ಹೆಮ್ಮೆ ಬೇರೆ. ಭಾರತೀಯ ಸೈನಿಕರನ್ನು ಮಾಡುವಾಗ ಎಲ್ಲಿ ಎಡವುತ್ತಾರೆ ಅಂತ ವಿಷಯ. ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಚೆನ್ನಾಗಿಯೇ ಮಾತಾಡಿದಳು. ನಾಲ್ಕನೆಯದೋ ಐದನೆಯದೋ ಚಿತ್ರ ಪರದೆಯ ಮೇಲೆ ಬಂತು.

ಹಸಿರು ಪುಟ್ಟಿಯ ಎರಡು ಕಾಲು. ಕೆಳಗೆ ಹೋಟೆಲಿನ ಮಾರ್ಬಲ್ ಮೇಜು, ಮೂಲೆಯಲ್ಲಿ ಸಾಂಬಾರ್ ಬಟ್ಟಲಿನ ಅಂಚು. ಮಂಡಿಯ ಕೆಳಗಿನ ಗಂಟಿನ ಸುತ್ತ ಕೆಂಪು ಗೆರೆ ಎಳೆದಿದ್ದಳು.

ಕಾಲಾಳುಗಳು ಪಟ್ಟಿಯನ್ನು ಪಾದದಿಂದ ಮೇಲಕ್ಕೆ ಸುತ್ತಿ ಮಂಡಿಯ ಕೆಳಗೆ ಕಟ್ಟುತ್ತಿದ್ದರು, ಕುದುರೆ ಸವಾರರು ಮಂಡಿಯಿಂದ ಕೆಳಕ್ಕೆ ಸುತ್ತಿ ಪಾದದ ಹತ್ತಿರ ಕಟ್ಟುತ್ತಿದ್ದರು ಅಂತ ವಿವರಿಸಿದಳು. ಗಂಟು ಮೇಲಿದ್ದರೆ ಜೀನಿಗೆ ಉಜ್ಜುತ್ತದಲ್ಲ. "ಈ ಸವಾರ ಪಾಪ, ಕುದುರೆ ಕಳಕೊಂಡು ನಡ್ಕೊಂಡೇ ಹೋಗಿರಬೇಕು," ಅಂತ ಹಿಂದಿಯಲ್ಲಿ ತಮಾಷೆ ಮಾಡಿದಳು. ಹಾಲಿಗೆ ಹಾಲೇ ನಕ್ಕಿತು.

ನನ್ನ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ತಪ್ಪು ಮಾಡಿದ್ದಕ್ಕೆ ಅಲ್ಲ. ತಪ್ಪು ನನ್ನದೇ, ಒಪ್ಪಿದೆ. ಆದರೆ ಬಣ್ಣ ಬೀಳುವ ಮುಂಚೆ ಅವಳಿಗೆ ಗೊತ್ತಿತ್ತು! ಗೊತ್ತಿದ್ದೇ ಫೋಟೋ ತೆಗೆದಳು, ಗೊತ್ತಿದ್ದೇ "ಸರಿ ಇದೆ" ಅಂದಳು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದಲ್ಲದೆ ಇನ್ನೇನು?

ಭಾಷಣ ಮುಗಿದು ಜನ ಹೊರಗೆ ಬಂದರು. ನನ್ನ ಮೇಜಿನ ಮುಂದೆ ಒಬ್ಬ ಬಗ್ಗಿ ನೋಡಿ ಜೊತೆಯವನನ್ನು ಕರೆದ. "ಅರೇ, ಹಾಚ್ ತೋ ಪಾಯ್!" ಅದೇ ಕಾಲು ಇದು ಅಂತ. ಒಬ್ಬೊಬ್ಬರಾಗಿ ಬಂದು ಕಾಲನ್ನೇ ನೋಡಿ ಹೋದರು. ಸವಾರನ ಮುಖವನ್ನು ಯಾರೂ ನೋಡಲಿಲ್ಲ.

ಅಕ್ಕನನ್ನು ನೀರಿನ ಕೂಲರ್ ಹತ್ತಿರ ಹಿಡಿದೆ. "ಎಂತ ಮೇಡಂ, ನನ್ನ ಕಾಲು ನಿಮಗೆ ಚೆನ್ನಾಗಿ ಉಪಯೋಗಕ್ಕೆ ಬಂತಲ್ಲ?"

ಮೇಡಂ ಅಂದದ್ದು ಅವಳಿಗೆ ನಾಟಿತು. "ನಿನ್ ಹೆಸರು ಹೇಳ್ಲಿಲ್ವಲ್ಲೇ," ಅಂದಳು.

"ಹೆಸರು ಹೇಳಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ. ಬಣ್ಣ ಹಾಕು ಅಂದ್ರಲ್ಲ, ಯಾಕೆ?"

ಅವಳು ಸುತ್ತ ನೋಡಿ ಧ್ವನಿ ಇಳಿಸಿದಳು. "ನೋಡು, ಬೇರೆಯವರ ಕೆಲಸದಲ್ಲಿ ಒರಟು ಯಾವುದು, ತಪ್ಪು ಯಾವುದು ಗೊತ್ತೇ ಆಗಲ್ಲ. ನಿನ್ನದರಲ್ಲಿ ಒಂದೊಂದು ಸುತ್ತೂ ಕಾಣತ್ತೆ. ಹೇಳಿಬಿಟ್ಟಿದ್ರೆ ನೀನು ಎರಡು ಸಂಜೇಲಿ ಸರಿ ಮಾಡಿಬಿಡ್ತಿದ್ದೆ. ಆಮೇಲೆ, ಬಣ್ಣ ಹಾಕಿದ ಗೊಂಬೆನೂ ಇಲ್ಲೇ ಇದ್ರೆ ಜನ ಹೋಲಿಸಿ ನೋಡ್ತಾರೆ ಅಂತ... ಒಳ್ಳೇದಕ್ಕೇ ಕಣೇ. ನೂರು ಜನ ಕಲಿತರು."

ಹೊಗಳಿಕೆ ಬೇರೆ! ಕಪಾಳಕ್ಕೆ ಹೊಡೆದು ಕೆನ್ನೆ ಚೆನ್ನಾಗಿದೆ ಅಂದ ಹಾಗೆ. ನನಗೆ ಅಳು ಬಂತು, ಸಿಟ್ಟಿಗೂ ಬಂತು, ದುಃಖಕ್ಕೂ ಬಂತು. ಅವಳ ಮುಂದೆ ಅಳಬಾರದು ಅಂತ ಸವಾರನನ್ನು ಡಬ್ಬಿಯಲ್ಲಿ ಮಲಗಿಸಿ ಸ್ಟೇಷನ್ನಿಗೆ ನಡೆದೆ.

ಮನೆಯಲ್ಲಿ ನನ್ನ ಗಂಡ ಮುಖ ನೋಡಿ "ದಾದ ಆಂಡ್?" ಏನಾಯಿತು ಅಂತ ತುಳುವಿನಲ್ಲಿ ಕೇಳಿದರು. ಆದದ್ದನ್ನೆಲ್ಲ ಹೇಳಿದೆ. "ಒಂದು ಕಾಲು ತಾನೇ, ಕೆರೆದು ಮತ್ತೆ ಮಾಡು," ಅಂದರು. ಅದು ನಿಜ. ಬಣ್ಣದ ಸಮೇತ ಪಟ್ಟಿ ಕೆರೆದು, ಮಂಡಿಯಿಂದ ಕೆಳಕ್ಕೆ ಸುತ್ತಿ, ಗಂಟನ್ನು ಕೆಳಗೆ ಕಟ್ಟಿದರೆ ಸವಾರ ಸರಿಯಾಗುತ್ತಾನೆ. ಒಂದು ವಾರದೊಳಗೆ ಮಾಡಿಯೂ ಮುಗಿಸಿದೆ.

ಅವನನ್ನು ಒಳಗಿಡಲು ಶೋಕೇಸಿನ ಗಾಜು ಸರಿಸಿದಾಗ ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಮಾಡಿದವರೆಲ್ಲ ಸಾಲಾಗಿ ನಿಂತಿದ್ದರು, ಒಬ್ಬೊಬ್ಬನಿಗೂ "ಸರಿ ಇದೆ, ಬಣ್ಣ ಹಾಕು" ಅಂದವಳು ಅವಳೇ. ಇವರಲ್ಲಿ ಯಾರು ಸತ್ಯ, ಯಾರು ಮುಂದೆಂದೋ ಬೇಕಾದೀತು ಅಂತ ಎತ್ತಿಟ್ಟ ಉದಾಹರಣೆ? ಕೇಳೋಣ ಅಂದರೆ, ಅದನ್ನೆಲ್ಲ ಬಲ್ಲವರು ಅಂತ ನನಗೆ ಗೊತ್ತಿರುವುದು ಅವಳೊಬ್ಬಳೇ.