ರಸ್ತೆ ದಾಟಿಸುತ್ತಿದ್ದ ಟೈಲರಮ್ಮ

ಶಾಲೆಯ ಎದುರಿಗೇ ಟೈಲರಮ್ಮನ ಅಂಗಡಿ. ಹನ್ನೊಂದು ವರ್ಷದ ಹಿಂದೆ, ಎರಡನೇ ತರಗತಿಯಲ್ಲಿ ಓದುತ್ತಿದ್ದ ಅವಳ ಒಬ್ಬಳೇ ಮಗಳು ಶಾಲೆ ಬಿಟ್ಟೊಡನೆ ಅಮ್ಮನನ್ನು ಕಂಡು ರಸ್ತೆಗೆ ಓಡಿಬಂದಳು. ಲಾರಿಯವನು ಬ್ರೇಕ್ ಹಾಕುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಬಾ ಎಂದು ಕೈ ಬೀಸಿದ್ದು ತಾನೇ ಎಂಬ ಕೊರಗು ಟೈಲರಮ್ಮನನ್ನು ಬಿಡಲಿಲ್ಲ.

ಹದಿನೈದು ದಿನ ಹಾಸಿಗೆ ಬಿಟ್ಟೇಳದವಳು, ಹದಿನಾರನೆಯ ದಿನ ಕೋಲಿಗೊಂದು ಕೆಂಪು ಬಟ್ಟೆ ಕಟ್ಟಿಕೊಂಡು ಬಂದು ರಸ್ತೆಯ ನಡುವೆ ನಿಂತಳು. ಅಂದಿನಿಂದ ಬೆಳಗ್ಗೆ, ಸಂಜೆ ಮಕ್ಕಳನ್ನು ದಾಟಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಹಾರ್ನ್ ಹೊಡೆದು ರೇಗುವವರಿಗೆ, "ಅಷ್ಟು ಅರ್ಜೆಂಟಿದ್ರೆ ನಿನ್ನೆನೇ ಹೊರಡ್ಬೇಕಿತ್ತಪ್ಪಾ" ಎನ್ನುತ್ತಿದ್ದಳು. ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಇಲ್ಲೊಂದು ಸಿಗ್ನಲ್ ದೀಪ ಹಾಕಿಸಿ ಎಂದು ನಗರಸಭೆ ಕಚೇರಿಗೆ ಅಲೆದು ಅಲೆದು ಅವಳ ಚಪ್ಪಲಿ ಸವೆಯಿತು. "ನೋಡೋಣಮ್ಮ" ಎಂಬ ಮಾತು ಬಿಟ್ಟು ಬೇರೇನೂ ಸಿಗಲಿಲ್ಲ.

ಕೊನೆಗೂ ಕಳೆದ ವಾರ ಕಂಬ ಬಂತು. ಬೆಳಗ್ಗೆ ಕೆಲಸ ಶುರುಮಾಡಿದವರು ಊಟದ ಹೊತ್ತಿಗೆ ಕೆಂಪು ದೀಪ ಹೊತ್ತಿಸಿದರು. ಗಾಡಿಗಳು ತಾವಾಗಿಯೇ ನಿಂತವು. ಗೇಟಿನಲ್ಲಿ ನೋಡುತ್ತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು.

"ಇಷ್ಟು ಬೇಗ ಮುಗೀತೇನಪ್ಪಾ?" ಎಂದಳು ಟೈಲರಮ್ಮ.

"ಇದೇನು ಮಹಾ ಅಕ್ಕಾ? ಅರ್ಧ ದಿನದ ಕೆಲ್ಸ" ಎಂದ, ವಯರ್ ಸುತ್ತುತ್ತಿದ್ದವನು.

ಅವಳ ಮುಖ ಬಿಳಿಚಿಕೊಂಡಿತು. "ಅರ್ಧ ದಿನಾನಾ? ಬರೀ ಅರ್ಧ ದಿನಾನಾ?" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಅಂಗಡಿಯೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹನ್ನೊಂದು ವರ್ಷ ಯಾರೆದುರೂ ಕಣ್ಣೀರು ಹಾಕದವಳ ಅಳು ಶಾಲೆಯ ಗೇಟಿನವರೆಗೂ ಕೇಳಿಸಿತು.