ದಪ್ಪ ಬತ್ತಿ

ನಮ್ಮ ಮನೆತನದ ಹೆಂಗಸರಿಗೆ ಬಾಯಿಗಿಂತ ಕೈ ಮುಂದು. ಹಳೇ ಹುಬ್ಬಳ್ಳಿಯ ನನ್ನ ಅಡುಗೆಮನೆಯ ಗೋಡೆಯಲ್ಲಿ ಒಂದು ತಗ್ಗಿದೆ. ನಾನು ಎಸೆದ ಲಟ್ಟಣಿಗೆ ಮಾಡಿದ್ದು. ಗುರಿ ಇಟ್ಟದ್ದು ಗಂಡನ ತಲೆಗೆ. ಅವರು ಬಗ್ಗಿದರು, ಗೋಡೆ ಬಗ್ಗಲಿಲ್ಲ. ಈ ಕಥೆಯನ್ನು ಬಹಳ ವರ್ಷ ನಗುನಗುತ್ತಲೇ ಹೇಳಿಕೊಂಡು ಬಂದೆ.

ಈ ಕೈ ನನಗೆ ಬಂದದ್ದು ಅವ್ವನಿಂದ. ನಾನು ಏಳೆಂಟು ವರ್ಷದವಳಿದ್ದಾಗ ಪಕ್ಕದಲ್ಲಿ ಕೂಡಿಸಿಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯಲು ಕಲಿಸಿದಳು. ಅರಳೆ ಎಳೆದು, ಬೆರಳಿಗೆ ವಿಭೂತಿ ಹಚ್ಚಿಕೊಂಡು, ಲಂಗ ಮೇಲೆತ್ತಿ ಬರಿ ತೊಡೆಯ ಮೇಲೆ ಹೊಸೆಯಬೇಕು. ಬತ್ತಿ ತೆಳ್ಳಗಾದರೆ ಅದೇ ತೊಡೆಗೆ ಏಟು. "ಸಣ್ಣ ಬತ್ತಿ ಇಟ್ರ ಮನಿ ಕತ್ತಲಾಗತೈತಿ" ಎನ್ನುತ್ತಿದ್ದಳು. ಒಮ್ಮೆ ಇಕ್ಕಳವನ್ನೇ ಬೀಸಿದಳು. ಮರುದಿನ ಶಾಲೆಯಲ್ಲಿ ನಾನು ಕುಂಟುವುದನ್ನು ನೋಡಿ ಅಕ್ಕೋರು ಏನಾಯಿತೆಂದು ಕೇಳಿದಾಗ "ಬಿದ್ದೀನ್ರಿ" ಅಂದೆ. ಆಮೇಲೆ ನಾನು ತೆಳ್ಳನೆಯ ಬತ್ತಿ ಹೊಸೆದದ್ದೇ ಇಲ್ಲ.

ಹೋದ ವರ್ಷ ನನ್ನ ಮಗಳಿಗೆ ಮೇಣದ ಹುಚ್ಚು ಹಿಡಿಯಿತು. ಅವಳು ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. ಸಂಜೆ ಮನೆಗೆ ಬಂದವಳೇ ಮೇಣ ಕಾಸಿ, ಚಹಾದ ಗಾಜಿನ ಲೋಟಗಳಲ್ಲಿ ಬತ್ತಿ ನಿಲ್ಲಿಸಿ ಸುರಿಯುತ್ತಿದ್ದಳು. ಅದನ್ನು ನೋಡಿದ ಓಣಿಯವರೊಬ್ಬರು ತಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಬಂದವರಿಗೆ ಕೊಡಲು ನಲವತ್ತು ಲೋಟ ಬೇಕೆಂದರು. ನಾನೂ ಸೆರಗು ಸಿಕ್ಕಿಸಿ ನಿಂತೆ. ಬತ್ತಿಯ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳುವುದೇ? ಗರಗದ ಖಾದಿ ಕೇಂದ್ರದಿಂದ ಕೈನೂಲು ತರಿಸಿ, ಜಡೆಯಂತೆ ಹೆಣೆದು, ಹೆಚ್ಚುಕಡಿಮೆ ಪೆನ್ಸಿಲಿನಷ್ಟು ದಪ್ಪ ಮಾಡಿಟ್ಟೆ.

"ಅವ್ವಾ, ಇದು ಭಾಳ ದಪ್ಪ ಆತಬೇ. ಲೋಟದ ಅಗಲ ನೋಡಿ ಬತ್ತಿ ಹಾಕಬೇಕು" ಎಂದಳು ಮಗಳು. ತೆಳ್ಳಗಾದರೆ ಅದು ಕರಗಿದ ಮೇಣದಲ್ಲಿ ತಾನೇ ಮುಳುಗಿ ಸಾಯುತ್ತದಂತೆ. ದಪ್ಪಗಾದರೆ ಹೊಗೆ ಉಗುಳಿ, ಗಾಜನ್ನು ಕಾಯಿಸಿ ಸೀಳುತ್ತದಂತೆ. ಮೇಣ ನಿಧಾನವಾಗಿ ಅಂಚಿನವರೆಗೆ ಕರಗಬೇಕು, ಲೋಟ ಮಾತ್ರ ಕೈಯಲ್ಲಿ ಹಿಡಿಯುವಂತಿರಬೇಕು. ಕಣ್ಣಳತೆ ಸಾಲದು, ತಳದವರೆಗೆ ಉರಿಸಿಯೇ ನೋಡಬೇಕು.

"ಮಂದಿ ಇದನ್ನ ದೇವರ ಮುಂದ ಹಚ್ಚತಾರ. ಹಚ್ಚಿದ ದೀಪಾ ಯಾರ ಊದತಾರ ಹೇಳು? ತಳಾ ಮುಟ್ಟೋತನಕಾ ಬಿಟ್ಟಬಿಡತಾರ. ಆವಾಗ ಒಡದ್ರ?" ಎಂದು ಕೇಳಿದಳು.

ಅದು ಖರೇ. ನಮ್ಮಲ್ಲಿ ದೀಪವನ್ನು ಬಾಯಿಂದ ಊದುವವರಿಲ್ಲ. ಆದರೆ ಖರೇ ಮಾತನ್ನು ಮಗಳ ಬಾಯಿಂದ ಕೇಳಿದರೆ ನನಗೆ ಮೈಯೆಲ್ಲ ಉರಿ. "ಎರಡ ಪುಸ್ತಕಾ ಓದಿ ನನಗ ಬತ್ತಿ ಕಲಿಸಾಕ ಬಂದ್ಯಾ?" ಎಂದು ಕೈಯಲ್ಲಿದ್ದ ಸೌಟನ್ನು ಕಟ್ಟೆಗೆ ಕುಟ್ಟಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, "ಹಂಗಾರ ಹಚ್ಚೇ ನೋಡೂಣು" ಅಂದಳು.

ಒಂದು ಶುಕ್ರವಾರ ಮಧ್ಯಾಹ್ನ ಅಡುಗೆಕಟ್ಟೆಯ ಮೇಲೆ ಮೂರು ಲೋಟ ಹಚ್ಚಿದೆವು: ಒಂದರಲ್ಲಿ ತೆಳ್ಳನೆಯ ಬತ್ತಿ, ಒಂದರಲ್ಲಿ ನಡುವಿನದು, ಒಂದರಲ್ಲಿ ನನ್ನದು. ತೆಳ್ಳನೆಯದು ಅರ್ಧ ಗಂಟೆಯಲ್ಲಿ ಮುಳುಗಿತು. ನಾನು ಗಹಗಹಿಸಿ ನಕ್ಕೆ. ನಡುವಿನದು ತನ್ನಷ್ಟಕ್ಕೆ ಉರಿಯುತ್ತಿತ್ತು, ನಾನು ಅತ್ತ ನೋಡಲೇ ಇಲ್ಲ. ನನ್ನ ದೀಪ ಬೆರಳುದ್ದ ಎದ್ದು ನಿಂತಿತ್ತು. ಮುಚ್ಚಂಜೆಯ ಹೊತ್ತಿಗೆ ಬತ್ತಿಯ ತುದಿಗೆ ಕರಿಗಂಟು ಕಟ್ಟಿ, ಲೋಟದ ಬಾಯಿ ಮಸಿಯಾಗಿ, ಉಳಿದ ಮೇಣವೆಲ್ಲ ನೀರಾಗಿತ್ತು. ಮಗಳು ಲೋಟಕ್ಕೆ ಬೆರಳು ತಾಗಿಸಿ ತಟ್ಟನೆ ಹಿಂದೆ ಸೆಳೆದುಕೊಂಡಳು.

"ಅವ್ವಾ, ಸಾಕು. ಗಾಜು ತಡಿಯಂಗಿಲ್ಲ" ಎಂದು ಊದಲು ಬಗ್ಗಿದಳು.

"ಶುಕ್ರವಾರ ಮುಚ್ಚಂಜ್ಯಾಗ ದೀಪಾ ಊದತೀ?"

ಮಾತು ಮುಗಿಯುವ ಮೊದಲೇ ನನ್ನ ಕೈ ಹೋಗಿತ್ತು. ಕೆನ್ನೆಗೆ ಬಿದ್ದ ಏಟಿಗೆ ಅವಳು ಕಟ್ಟೆಯ ಮೇಲೆ ಮುಗ್ಗರಿಸಿದಳು, ಮೊಣಕೈ ಬಡಿದು ಲೋಟ ಮಗುಚಿ ಒಡೆಯಿತು, ಸುಡುವ ಮೇಣ ಅವಳ ಬಲಗೈ ಮೇಲೆ ಹರಿಯಿತು. ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು. ಗಾಬರಿಯಲ್ಲಿ ನಾನು ಮೇಣ ಕೀಳಲು ಹೋದೆ. ಮೇಣದ ಜೊತೆ ಚರ್ಮವೂ ಬಂತು. ಅವಳು ಎಡಗೈಯಿಂದ ನನ್ನನ್ನು ದೂಡಿ, ತಾನೇ ಹೋಗಿ ನಳದ ಕೆಳಗೆ ಕೈ ಹಿಡಿದಳು. ಕಟ್ಟೆಯ ಮೇಲೆ ಗಾಜಿನ ಚೂರುಗಳ ನಡುವೆ ಆ ನಡುವಿನ ಬತ್ತಿಯ ಲೋಟ ಇನ್ನೂ ಉರಿಯುತ್ತಿತ್ತು.

ದವಾಖಾನೆಯಲ್ಲಿ ಡಾಕ್ಟರು ಅವಳನ್ನೇ ಕೇಳಿದರು, "ಹೆಂಗಾತವಾ ಇದು?"

"ಲೋಟಾ ಒಡೀತ್ರಿ" ಅಂದಳು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಕೆನ್ನೆಯ ಮೇಲೆ ನನ್ನ ನಾಲ್ಕೂ ಬೆರಳು ಮೂಡಿದ್ದವು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಮಂದಿ ಮೆಚ್ಚಿ ಹೇಳುತ್ತಾರೆ. ನನಗೆ ಅಕ್ಕೋರ ಮುಂದೆ ನಿಂತಿದ್ದ ನಾನೇ ಕಂಡೆ. ನಾಚಿಕೆಯಿಂದ ಸತ್ತುಹೋದೆ. "ಇಲ್ರಿ, ನಾ ಹೊಡದೇನ್ರಿ" ಅಂದೆ. ಮಗಳು ತಲೆ ಎತ್ತಲಿಲ್ಲ.

ಮೂರು ವಾರ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಒಂದು ದಿನ ತಾನಾಗಿಯೇ ಕರೆದಳು. ನಡುವಿನ ಬತ್ತಿಯೇ ಸರಿಯೆಂದು ಗೊತ್ತುಮಾಡಿಕೊಂಡು ಕೊನೆಯ ಬಾರಿ ಒಂದು ಲೋಟ ಹಚ್ಚಿ ನೋಡುತ್ತಿದ್ದಳು. ಊದದವರಿಗೆ ಉಪಾಯವಾಗಲಿ ಎಂದು ಪ್ರತಿ ಲೋಟಕ್ಕೂ ಒಂದು ಸ್ಟೀಲಿನ ಮುಚ್ಚಳ ತಂದಿಟ್ಟಿದ್ದಳು. ಬಲಗೈಗೆ ಇನ್ನೂ ಪಟ್ಟಿ ಇತ್ತು.

"ಬೆರಳ ದಪ್ಪ ಮೇಣಾ ಉಳದೈತಿ, ಇಷ್ಟರಾಗ ಮುಚ್ಚಬೇಕು. ನೀನ ಮುಚ್ಚು" ಅಂದಳು.

ಉರಿಯುವ ದೀಪವನ್ನು ನಾನು ಹುಟ್ಟಿದಾರಭ್ಯ ನಂದಿಸಿದವಳಲ್ಲ. ಆದರೂ ಹೂಂ ಎಂದೆ. ಮುಚ್ಚಳಗಳು ಅವಳ ತಲೆಯ ಹಿಂದಿನ ಹಲಗೆಯ ಮೇಲಿದ್ದವು. ತೆಗೆಯಲು ಕೈ ಎತ್ತಿದೆ.

ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿ, ಪಟ್ಟಿ ಕಟ್ಟಿದ ಕೈಯನ್ನು ಮುಖಕ್ಕೆ ಅಡ್ಡ ತಂದಳು.

ನಾನು ಮುಚ್ಚಳವನ್ನು ಲೋಟದ ಮೇಲೆ ಇಟ್ಟೆ. ದೀಪ ಹೋಯಿತು. "ಆತು, ಕಣ್ಣ ತಗಿಯವಾ" ಅಂದೆ. ಅವಳು ಲಗೂ ತೆಗೆಯಲಿಲ್ಲ. ನಾನು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಯುತ್ತ ನಿಂತೆ.