ಸ್ಟೆಪ್ನಿಯ ನಡುವಿನ ಜಾಗ

ಪ್ಯಾರಿಸ್ಸಿನ ಸಿರಿವಂತರ ಕಾರುಗಳಿಗೆ ಸಾಮಾನಿನ ಪೆಟ್ಟಿಗೆ, ಸ್ಟೆಪ್ನಿ ಎಂಬ ಬಿಡಿ ಚಕ್ರ ಕೂರಿಸುವ ಮುದುಕ ಆನ್ಸೆಲ್ಮ್, ದೇವದೂತನೇ ಇಳಿದು ಬಂದರೂ ಆ ರೆಕ್ಕೆಗಳನ್ನು ಮಡಚಿ ಎಲ್ಲಿ ಕಟ್ಟುವುದೆಂದು ಯೋಚಿಸುವವನು. ಹೊಸ ಪೆಟ್ಟಿಗೆಗೆ ಕಲ್ಲು ತುಂಬಿ, ಕಾರಿನ ಬೆನ್ನಿಗೆ ಬಿಗಿದು, ಕಲ್ಲುಹಾಸಿನ ಬೀದಿಯಲ್ಲಿ ಓಡಿಸಿ, ಒಮ್ಮೆ ಕಿರ್ರೆಂದರೂ ಎಲ್ಲವನ್ನೂ ಬಿಚ್ಚಿಬಿಡುತ್ತಾನೆ. ಸ್ಟೆಪ್ನಿಯಿಂದ ತಮ್ಮ ಟೋಪಿಗಳಿಗೆ ಜಾಗವಿಲ್ಲವೆಂದು ಮುನಿದ ಒಡತಿಯರಿಗೆ, "ಟೋಪಿ ಇಲ್ದೆ ನೀಸ್ ಪಟ್ಟಣ ಮುಟ್ಬಹುದು ಮದಾಂ, ಚಕ್ರ ಇಲ್ದೆ ಆಗಲ್ಲ" ಎಂದು ಗದರುತ್ತಾನೆ. ಈ ಸಲ ಅವನೆದುರು ಕೂಸನ್ನೆತ್ತಿಕೊಂಡು ಅಳುತ್ತ ನಿಂತವಳು ಅಂಥ ಒಬ್ಬ ಒಡತಿಯ ಡ್ರೈವರನ ಹೆಂಡತಿ, ಮನೆಗೆಲಸದ ಸಿಲ್ವೀನ್. ನೀಸಿಗೆ ಹೊರಟ ಕಾರಿನಲ್ಲಿ ಮಗುವಿನ ಬಟ್ಟೆಬರೆಗೆ ಜಾಗವಿಲ್ಲ, ಕೂಸನ್ನು ಹಳ್ಳಿಯ ದಾದಿಯ ಬಳಿ ಬಿಟ್ಟು ಬಾ ಎಂದಿದ್ದಳು ಒಡತಿ. "ಯಾಕಳ್ತೀಯಾ ಮಗಳೇ? ಬೇರೆ ಚಕ್ರದ ಹಾಗೆ ಸ್ಟೆಪ್ನಿಗೆ ಕಡ್ಡಿ ಎಲ್ಲಿದೆ? ಬರೀ ಬಳೆ, ನಡುವಿನ ಜಾಗವೆಲ್ಲ ಖಾಲಿ" ಎಂದ ಆನ್ಸೆಲ್ಮ್, ಅಲ್ಲಿಗೆ ಸರಿಯಾಗಿ ತಗಡಿನದೊಂದು ದುಂಡು ಪೆಟ್ಟಿಗೆ ಮಾಡಿ ಕೂರಿಸಿದ. ಒಡತಿ ಕೂಸನ್ನೂ ಕಾರಿಗೆ ಹತ್ತಿಸಿಕೊಂಡಳು. ದಾರಿಯ ಛತ್ರದಲ್ಲಿ ಸಿಲ್ವೀನ್ ಬಟ್ಟೆಗಳನ್ನು ತೆಗೆದಿಟ್ಟು, ಅದೇ ಪೆಟ್ಟಿಗೆಗೆ ಬೆಚ್ಚನೆಯ ನೀರು ಹೊಯ್ದು ಮಗನನ್ನು ಇಳಿಸಿದಳು. ಒಂದು ಹನಿಯೂ ಸೋರಲಿಲ್ಲ. ಕೂಸು ಕತ್ತು ಒರಗಿಸಿದ ಕಡೆ ಮಾತ್ರ ತಗಡಿನ ಅಂಚಿಗೆ ಮೆದು ತೊಗಲು ಸುತ್ತಿ ಹೊಲಿದಿತ್ತು. ಬಟ್ಟೆ ತುಂಬುವ ಪೆಟ್ಟಿಗೆಗೆ ಅದು ಬೇಕಿರಲಿಲ್ಲ. ಸಿಲ್ವೀನ್ ಅದನ್ನು ಒದ್ದೆ ಬೆರಳಿನಿಂದ ಸವರಿದಳು. "ನೋಡೋ ಪುಟ್ಟಾ, ಆ ತಾತ ಯಾವಾಗ್ಲೋ ನಿನ್ನ ಕತ್ತನ್ನೂ ಅಳ್ದಿದ್ದಾನೆ!"